ಮರಿಯತ್ತೆ ಕೊಲ್ಲಿಯಲ್ಲಿ ಯಾರೂ ಇರಲಿಲ್ಲವೇ?

ಸೇಂಟ್ ಓಡಿಲ್ ದ್ವೀಪ
14 ಫೆಬ್ರವರಿ 1994

ಶ್ರೀಮತಿ ನೋರೀನ್ ಕಾರ್ಕಮ್ ಅವರಿಗೆ,

ಕಳೆದ ನವೆಂಬರ್ ತಿಂಗಳ ‘ನೀಲಿ ರಜೆ’ ಪತ್ರಿಕೆಯಲ್ಲಿ, ನಮ್ಮ ಮರಿಯತ್ತೆ ಕೊಲ್ಲಿಯ ಬಗ್ಗೆ ನಿಮ್ಮ ಹೆಸರಿನಲ್ಲಿ ಈ ವಾಕ್ಯ ಅಚ್ಚಾಗಿದೆ: ‘ಇಲ್ಲಿ ಯಾರೂ ಇಲ್ಲ; ಮರಳಿದೆ, ನೀರಿದೆ, ನೀರಿನ ಕೆಳಗೆ ಹೆಸರಿಲ್ಲದ ಒಂದು ಹಡಗಿದೆ.’ ಅಷ್ಟು ಚಿಕ್ಕ ವಾಕ್ಯದಲ್ಲಿ ಎರಡು ಸುಳ್ಳುಗಳಿವೆ.

ನಾನು ಈ ಊರಿನ ಸಾರ್ವಜನಿಕ ಗ್ರಂಥಾಲಯವನ್ನು ನಿವೃತ್ತಿಯವರೆಗೆ ನೋಡಿಕೊಂಡವಳು. ನಿಮ್ಮ ಪತ್ರಿಕೆ ನಮಗೆ ತಡವಾಗಿ ಬರುತ್ತದೆ, ಆದರೆ ಬರುತ್ತದೆ. ಬಂದದ್ದನ್ನು ನಾನು ಜಾಹೀರಾತಿನ ಸಮೇತ ಓದುತ್ತೇನೆ, ಓದಿದ್ದನ್ನು ಮರೆಯುವುದಿಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ, ಹಡಗು ಕಟ್ಟುವ ನಮ್ಮ ಆಲ್ಫಿಯಸ್ ಸ್ಟೀಲ್ ತನ್ನ ಹೊಸ ಹಡಗಿನ ಮೊದಲ ಮರವಾದ ಅಡಿಮರ ಇಟ್ಟ ದಿನ, ನೀವು ಅದೇ ಕೊಲ್ಲಿಯಲ್ಲಿದ್ದಿರಿ. ಡೈವಿಂಗ್ ಮುಗಿಸಿ ಒದ್ದೆ ಕೂದಲಲ್ಲಿ ಬಂದು ಕಡಲದ್ರಾಕ್ಷಿ ಮರದ ಬುಡದಲ್ಲಿ ಕುಳಿತಿರಿ. ನಿಮ್ಮ ಮುಂದೆ ಮೆಕ್ಕೆಜೋಳದ ಮುದ್ದೆ, ತೊಗರಿಕಾಳು, ಆಡಿನ ಸಾರು ಇಟ್ಟವಳು ಫಿಲೋಮೆನ್. ‘ಖಾರ ಆಯ್ತೇನಮ್ಮ?’ ಎಂದು ಅವಳು ಕೇಳಿದಳು. ನೀವು ಮೂಗು ಒರೆಸಿಕೊಂಡು ‘ಇನ್ನೊಂದು ಸೌಟು ಹಾಕಿ’ ಎಂದಿರಿ. ನಾನು ಪಕ್ಕದಲ್ಲೇ ಇದ್ದೆ. ನಿಮ್ಮ ತಟ್ಟೆಗೆ ಮರಳು ಹಾರದಂತೆ ನನ್ನ ಟೋಪಿಯನ್ನು ಅಡ್ಡ ಹಿಡಿದಿದ್ದೆ. ‘ಯಾರೂ ಇಲ್ಲ’ ಎಂಬ ಆ ಪಟ್ಟಿಯಲ್ಲಿ ನಾವಿಬ್ಬರೂ ಸೇರುತ್ತೇವೆಯೇ?

ಒಂದು ರಜೆಯ ಲೇಖನಕ್ಕೆ ಈ ಮುದುಕಿ ಇಷ್ಟೇಕೆ ಉರಿಯುತ್ತಾಳೆ ಎಂದು ನಿಮಗೆ ಅನ್ನಿಸಬಹುದು. ಕೊಲ್ಲಿಯ ಹಿಂದಿನ ಜಮೀನು ಕೊಂಡ ಸೈಲೆಂಟ್ ಶೋರ್ ರೆಸಾರ್ಟಿನವರು ನಿಮ್ಮ ಲೇಖನವನ್ನು ಕತ್ತರಿಸಿ, ಭೂಮಾಪನ ಕಚೇರಿಗೆ ಕೊಟ್ಟ ಅರ್ಜಿಯ ಜೊತೆ ಲಗತ್ತಿಸಿದ್ದಾರೆ. ಕೊಲ್ಲಿಗೆ ಇಳಿಯುವ ದಾರಿಯನ್ನು ಯಾರೂ ಬಳಸುವುದಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಜನವರಿಯಲ್ಲಿ ಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿಗೆ ಬೀಗ ಬಂತು. ಆಲ್ಫಿಯಸ್‌ನ ಹಡಗು ಬೇಲಿಯ ಈಚೆ ನಿಂತಿದೆ, ಸಮುದ್ರ ಆಚೆ ಇದೆ. ಈ ದ್ವೀಪದ ಉಳಿದ ತೀರವೆಲ್ಲ ಬಂಡೆ. ಹಡಗನ್ನು ನೀರಿಗೆ ಇಳಿಸಲು ಬೇರೆ ಜಾಗವಿಲ್ಲ. ಇಳಿಯದ ಹಡಗು ಬಿಸಿಲಿಗೆ ಒಣಗಿ, ಹಲಗೆ ಬಿರಿದು, ನಿಂತಲ್ಲೇ ಸೌದೆಯಾಗುತ್ತದೆ.

ನಮ್ಮಲ್ಲೊಂದು ಪದ್ಧತಿ ಇದೆ, ಆ ದಿನ ನಿಮಗೆ ಯಾರೂ ಹೇಳಿರಲಾರರು. ಹಡಗಿನ ಅಡುಗೆ ಉಂಡವರು ಹಡಗನ್ನು ನೀರಿಗೆಳೆಯುವ ದಿನ ಹಗ್ಗ ಹಿಡಿಯಬೇಕು. ಪಾದ್ರಿಯಾದರೂ ಸರಿ, ಪೊಲೀಸನಾದರೂ ಸರಿ. ನೀವು ಎರಡು ಸಲ ಬಡಿಸಿಕೊಂಡು ಉಂಡಿದ್ದೀರಿ.

ಉತ್ತರ ಬರೆಯಿರಿ.

ಯುಲಾಲಿ ಕ್ವಾಶಿ


ಹ್ಯಾಲಿಫ್ಯಾಕ್ಸ್, ಕೆನಡಾ
20 ಮಾರ್ಚ್ 1994

ಮಾನ್ಯ ಕ್ವಾಶಿ ಅವರೇ,

ನಿಮ್ಮ ಪತ್ರವನ್ನು ಪತ್ರಿಕೆಯವರು ನನಗೆ ಕಳಿಸಿಕೊಟ್ಟರು. ನಿಮ್ಮ ಊರಿನ ಆತಿಥ್ಯವನ್ನು ನಾನು ಮರೆತಿಲ್ಲ. ಆದರೆ ನಾನು ಬರೆದದ್ದು ರಜೆಯ ಲೇಖನ, ಜನಗಣತಿಯಲ್ಲ. ಡೈವಿಂಗ್ ಮಾಡುವವರು ಓದುವ ಪತ್ರಿಕೆ ಅದು. ಆ ವಾರದ ಬಹುಭಾಗವನ್ನು ನಾನು ನೀರಿನ ಕೆಳಗೆ ಕಳೆದೆ, ಅಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ಯಾವುದೋ ಹೋಟೆಲಿನವರು ನನ್ನ ಬರಹವನ್ನು ಎಲ್ಲಿ ಲಗತ್ತಿಸಿದರು ಎಂಬುದಕ್ಕೆ ನಾನು ಹೊಣೆಯಲ್ಲ.

ಹಡಗಿನ ಕೆಲಸ ಸುಗಮವಾಗಲಿ ಎಂದು ಹಾರೈಸುತ್ತೇನೆ.

ಇಂತಿ,
ನೋರೀನ್ ಕಾರ್ಕಮ್


ಸೇಂಟ್ ಓಡಿಲ್
9 ಏಪ್ರಿಲ್ 1994

ಶ್ರೀಮತಿ ಕಾರ್ಕಮ್,

ನಿಮ್ಮ ಪತ್ರವನ್ನು ಆಲ್ಫಿಯಸ್‌ಗೆ ಓದಿ ಹೇಳಿದೆ. ಅವನು ಹಲಗೆಯ ಸಂದಿಗೆ ಹತ್ತಿ ತುರುಕುತ್ತಿದ್ದ. ಉಳಿಯನ್ನು ಕೆಳಗಿಡದೆ ಕೇಳಿದ, ‘ಯುಲಾಲಕ್ಕ, ಹಾರೈಕೆ ಕಳಿಸಿದಾಳಾ? ಒಳ್ಳೇದಾಯ್ತು ಬಿಡು. ಗೇಟಿಗೆ ಅದನ್ನೇ ಒರಗಿಸಿ ನೋಡೋಣ, ತೆರೆದುಕೊಂಡ್ರೂ ತೆರೆದುಕೊಳ್ಳಬಹುದು.’ ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ನೀರಿನ ಕೆಳಗೆ ಯಾರೂ ಇರಲಿಲ್ಲ ಎಂದಿರಿ. ಅಲ್ಲಿ ನೀವು ನೋಡಿದ ಹಡಗಿನ ಹೆಸರು ಔರೇಲಿಯಾ. ಅದನ್ನು ಕಟ್ಟಿದವನು ಆಲ್ಫಿಯಸ್‌ನ ಅಪ್ಪ. 1941ರಲ್ಲಿ ಅದೇ ಮರಳಿನ ಮೇಲಿಂದ ಅದು ನೀರಿಗಿಳಿಯಿತು. ಇಳಿಯುವವರೆಗೆ ಹಡಗಿನ ಹೆಸರನ್ನು ಯಾರಿಗೂ ತೋರಿಸದೆ ಬಾವುಟ ಸುತ್ತಿ ಮುಚ್ಚಿಡುವುದು ನಮ್ಮ ವಾಡಿಕೆ. ಮಗುವಿಗೆ ಇರುವಂತೆ ಹಡಗಿಗೂ ಧರ್ಮತಾಯಿ ಇರುತ್ತಾಳೆ. ಬಾವುಟ ಎಳೆದು ಹೆಸರನ್ನು ಮೊದಲು ಓದುವವಳು ಅವಳು. ಔರೇಲಿಯಾಳ ಧರ್ಮತಾಯಿ ನಾನು. ಒಂಬತ್ತು ವರ್ಷದ ಹುಡುಗಿ, ಹೊಸ ಲಂಗ ಹಾಕಿಸಿ ಏಣಿ ಹತ್ತಿಸಿದ್ದರು. ಓದಲು ಬರುತ್ತಿದ್ದ ಹುಡುಗಿ ಊರಲ್ಲಿ ನಾನೊಬ್ಬಳೇ ಎಂಬ ಕಾರಣಕ್ಕೆ ನನ್ನನ್ನು ಆರಿಸಿದರಂತೆ. ಎಷ್ಟು ಜೋರಾಗಿ ಓದಿದೆನೆಂದರೆ ಆಡುಗಳು ಓಡಿದವು.

1955ರ ಸೆಪ್ಟೆಂಬರ್ ಬಿರುಗಾಳಿಯಲ್ಲಿ, ಸಾಮಾನು ಇಳಿಸುವ ಮೊದಲೇ, ಲಂಗರು ಕಿತ್ತು ಅದು ಕೊಲ್ಲಿಯ ಬಾಯಲ್ಲಿ ಮುಳುಗಿತು. ಜನರೆಲ್ಲ ಹಗ್ಗ ಹಿಡಿದು ದಡ ಸೇರಿದರು. ಆಮೇಲೆ ಅದನ್ನು ಕಂಡವರು ನಮ್ಮಲ್ಲಿ ಬಹಳ ಇಲ್ಲ. ನಾನಂತೂ ಕಂಡಿಲ್ಲ, ನನಗೆ ಈಜು ಬರುವುದಿಲ್ಲ. ಇಷ್ಟು ವರ್ಷ ಅದರ ಮೇಲಿನ ನೀರನ್ನು ನೋಡಿಕೊಂಡೇ ಇದ್ದೇನೆ.

ನೀವು ಅದನ್ನು ಮುಟ್ಟಿದ್ದೀರಿ. ಅದು ಹೇಗೆ ಮಲಗಿದೆ, ಹೇಳಿ. ಲೇಖನದ ಮೇಲಿನ ನನ್ನ ದೂರು ಹಾಗೇ ಇದೆ. ಇದು ಬೇರೆ, ಇದು ಕೇಳಿಕೆ.

ಯುಲಾಲಿ ಕ್ವಾಶಿ


ಹ್ಯಾಲಿಫ್ಯಾಕ್ಸ್
2 ಜೂನ್ 1994

ಯುಲಾಲಿ ಅವರೇ,

ಈ ಪತ್ರವನ್ನು ಬಹಳ ಸಲ ಶುರು ಮಾಡಿ ಹರಿದೆ.

ನಿಮ್ಮ ಔರೇಲಿಯಾ ಬಲಮಗ್ಗುಲಿಗೆ ಒರಗಿ ಮಲಗಿದ್ದಾಳೆ, ಮೂತಿ ದಡದ ಕಡೆಗಿದೆ. ದೋಣಿಯಿಂದ ಹಿಂದಕ್ಕೆ ಉರುಳಿ ನೀರಿಗೆ ಬಿದ್ದ ಮೇಲೆ ಮೊದಲು ಕಾಣುವುದು ಬರೀ ನೀಲಿ. ಆಮೇಲೆ ಆ ನೀಲಿಯೊಳಗೆ ಒಂದು ಕಪ್ಪು ಗೆರೆ, ಗೆರೆ ನಿಧಾನವಾಗಿ ಬೆನ್ನಾಗುತ್ತದೆ, ಬೆನ್ನಿನಿಂದ ಪಕ್ಕೆಲುಬುಗಳು ಏಳುತ್ತವೆ. ಮರ ಬಹಳಷ್ಟು ಹೋಗಿದೆ. ಉಳಿದ ಪಕ್ಕೆಲುಬುಗಳ ಮೇಲೆ ನೇರಳೆ ಬಣ್ಣದ ಕಡಲ ಬೀಸಣಿಗೆ ಹವಳಗಳು ಬೆಳೆದಿವೆ. ಅಲೆ ಮೇಲೆ ಹಾದಾಗ ಅವೆಲ್ಲ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತವೆ. ಕೆಂಪು ಮೀನುಗಳು ದೊಡ್ಡ ಕಣ್ಣು ಬಿಟ್ಟುಕೊಂಡು ನೆರಳಿನಲ್ಲಿ ಗುಂಪಾಗಿ ನಿಂತಿದ್ದವು. ಗಿಳಿಮೀನುಗಳು ಹವಳ ಕಡಿಯುವ ಸದ್ದು ನೀರಿನಲ್ಲಿ ಕೇಳುತ್ತದೆ, ಯಾರೋ ಪಕ್ಕದ ಕೋಣೆಯಲ್ಲಿ ಬಿಸ್ಕತ್ತು ಮುರಿದಂತೆ. ಒಂದು ಆಮೆ ಚುಕ್ಕಾಣಿಯ ಹತ್ತಿರ ಮಲಗಿತ್ತು. ನನ್ನನ್ನು ನೋಡಿ ಬೇಸರಪಟ್ಟುಕೊಂಡು ಎದ್ದು ಹೋಯಿತು.

ನಡುಭಾಗದಲ್ಲಿ, ಒಂದರ ಮೇಲೊಂದು ಪೇರಿಸಿದ ದಿಂಬುಗಳಂತೆ ಏನೋ ಕಂಡಿತು. ಕೈಯಿಟ್ಟರೆ ಕಲ್ಲು. ಸಿಮೆಂಟ್ ಚೀಲಗಳು. ಚೀಲ ಕೊಳೆತು ಹೋಗಿದೆ, ಸಿಮೆಂಟು ಚೀಲದ ಆಕಾರದಲ್ಲೇ ಗಟ್ಟಿಯಾಗಿದೆ. ಬಟ್ಟೆಯ ನೇಯ್ಗೆ, ಬಾಯಿ ಹೊಲಿದ ಗುರುತು ಕೂಡ ಉಳಿದಿದೆ. ಯಾರೋ ಅವನ್ನು ನೀಟಾಗಿ ಜೋಡಿಸಿದ್ದರು. ಇಷ್ಟು ವರ್ಷದಲ್ಲಿ ಒಂದು ಸಾಲೂ ಜರುಗಿಲ್ಲ.

ಇನ್ನೊಂದು ವಿಷಯ. ‘ಯಾರೂ ಇಲ್ಲ’ ಎಂಬ ವಾಕ್ಯವನ್ನು ನಾನು ಬರೆಯಲಿಲ್ಲ. ಅಡಿಮರ ಇಟ್ಟ ದಿನದ ಬಗ್ಗೆ, ಊಟದ ಬಗ್ಗೆ, ಫಿಲೋಮೆನ್ ನನ್ನನ್ನು ಮತ್ತೆ ಮತ್ತೆ ‘ಉಣ್ಣಮ್ಮ, ಗಾಳಿ ಹಾರಿಸಿಕೊಂಡು ಹೋದೀತು’ ಎಂದು ರೇಗಿಸಿದ್ದರ ಬಗ್ಗೆ ಬರೆದು ಕಳಿಸಿದ್ದೆ. ಸಂಪಾದಕರು ಅದನ್ನೆಲ್ಲ ತೆಗೆದು ಆ ವಾಕ್ಯ ಹಾಕಿದರು. ಫೋನಿನಲ್ಲಿ ಕೇಳಿದ್ದಕ್ಕೆ, ‘ನೋರೀನ್, ನಮ್ಮ ಓದುಗರು ಹೋಗುವುದೇ ಜನರಿಂದ ತಪ್ಪಿಸಿಕೊಳ್ಳೋಕೆ’ ಎಂದರು. ನಾನು ಅಲ್ಲಿಗೆ ಬಿಟ್ಟೆ. ನಿಮ್ಮ ಪತ್ರ ಬಂದಾಗಲೂ ಪತ್ರಿಕೆಯ ಪರವಾಗಿಯೇ ನಿಂತೆ. ಈಗ ತಿದ್ದುಪಡಿ ಹಾಕಿ ಎಂದು ಬರೆದರೆ ಉತ್ತರವೇ ಇಲ್ಲ.

ನಮ್ಮ ಕಡೆಯ ಊರುಗಳಲ್ಲೂ ಹಡಗು ಕಟ್ಟುತ್ತಿದ್ದರು. ಈಗ ಅವು ವಸ್ತುಸಂಗ್ರಹಾಲಯದಲ್ಲಿವೆ, ನೋಡಲು ಟಿಕೆಟು ತೆಗೆದುಕೊಳ್ಳಬೇಕು.

ನೋರೀನ್


ಸೇಂಟ್ ಓಡಿಲ್
28 ಆಗಸ್ಟ್ 1994

ನೋರೀನ್,

ಆ ಸಿಮೆಂಟು ನಮ್ಮ ಶಾಲೆ ಕಟ್ಟಲು ತರಿಸಿದ್ದು. ಜೋಡಿಸಿದವನು ನನ್ನ ಅಣ್ಣ ಸಿರಿಲ್. ಒಂದು ಚೀಲ ಸೊಟ್ಟಗಿದ್ದರೂ ಇಳಿಸಿ ಮತ್ತೆ ಇಡುತ್ತಿದ್ದ ಮನುಷ್ಯ. ನಿಮ್ಮ ಪತ್ರದ ಆ ಭಾಗವನ್ನು ನಾನು ಅವನ ಸಮಾಧಿಯ ಹತ್ತಿರ ಕುಳಿತು ಗಟ್ಟಿಯಾಗಿ ಓದಿದೆ. ಅಷ್ಟು ಹೇಳಿದರೆ ಸಾಕು.

ಇಲ್ಲಿಯ ಸುದ್ದಿ. ಹಡಗಿಗೆ ಹಲಗೆ ಹೊದಿಸಿ ಆಯಿತು, ಬಣ್ಣ ನಡೆದಿದೆ. ಭೂಮಾಪನ ಕಚೇರಿಯ ಲ್ಯಾಂಬರ್ಟ್ ಬಂದಿದ್ದ. ಸಂಭಾವಿತ ಹುಡುಗ, ನನ್ನ ಗ್ರಂಥಾಲಯದಲ್ಲಿ ಪುಸ್ತಕದ ಮೂಲೆ ಮಡಚಿ ಬೈಸಿಕೊಂಡವನು. ಬೇಲಿಯ ಪಕ್ಕ ನಿಂತು, ‘ಅಮ್ಮ, ನನಗೆ ಗೊತ್ತು. ಆದರೆ ನನಗೆ ಗೊತ್ತಿರೋದು ಫೈಲಿಗೆ ಗೊತ್ತಿಲ್ಲ. ದಾರಿ ಬಳಕೆಯಲ್ಲಿದೆ ಅಂತ ಅಧಿಕಾರಿ ಕಣ್ಣಾರೆ ಕಾಣಬೇಕು’ ಎಂದ.

‘ಹಾಗಾದರೆ ಗೇಟು ತೆಗೆಸಪ್ಪ, ನಡೆದು ತೋರಿಸ್ತೀವಿ.’

‘ದಾರಿ ಇದೆ ಅಂತ ಆದಮೇಲೆ ಗೇಟು ತೆಗೆಸಬಹುದು.’

ಆಲ್ಫಿಯಸ್ ಬಣ್ಣದ ಕುಂಚ ಹಿಡಿದು ಅಲ್ಲೇ ಇದ್ದ. ‘ಮೀನು ಹಿಡಿದ ಮೇಲೆ ಬಲೆ ಕೊಡ್ತೀನಿ ಅಂದಹಾಗಾಯ್ತಲ್ಲೋ,’ ಎಂದ. ಲ್ಯಾಂಬರ್ಟ್ ಟೋಪಿ ತಿರುಗಿಸುತ್ತ ಹೋದ.

ಗೇಟಿನ ಕಾವಲಿಗೆ ರೆಸಾರ್ಟಿನವರು ಯಾರನ್ನಿಟ್ಟಿದ್ದಾರೆ ಗೊತ್ತೇ? ಆಲ್ಫಿಯಸ್‌ನ ತಂಗಿಯ ಮಗ ಕೆರ್ಟ್. ದಿನಾ ಬೆಳಿಗ್ಗೆ ಮಾವನ ಮನೆಯಲ್ಲಿ ಕಾಫಿ ಕುಡಿದು, ಸಮವಸ್ತ್ರ ಹಾಕಿಕೊಂಡು ಹೋಗಿ, ಅದೇ ಮಾವ ಒಳಗೆ ಬರದಂತೆ ನಿಲ್ಲುತ್ತಾನೆ. ‘ಏನು ಮಾಡ್ಲಿ ಮಾವ, ಕೆಲಸ’ ಅನ್ನುತ್ತಾನೆ. ‘ಮಾಡೋ ಕೆಲಸ ನೆಟ್ಟಗೆ ಮಾಡು, ಗುಂಡಿ ಹಾಕ್ಕೋ’ ಅನ್ನುತ್ತಾನೆ ಮಾವ. ಫಿಲೋಮೆನ್ ಕೂಡ ಈಗ ರೆಸಾರ್ಟಿನ ಅಡುಗೆಮನೆಯಲ್ಲಿದ್ದಾಳೆ. ಹೊಸ ಹಡಗಿನ ಧರ್ಮತಾಯಿ ಅವಳೇ.

ಜನವರಿಯ ಹುಣ್ಣಿಮೆಗೆ ನೀರು ಏರುತ್ತದೆ. ಆ ದಿನ ಇಳಿಸುತ್ತೇನೆ ಎಂದು ಆಲ್ಫಿಯಸ್ ಇಗರ್ಜಿಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿಬಿಟ್ಟಿದ್ದಾನೆ. ಗೇಟಿಗೆ ಏನು ಮಾಡುತ್ತೀಯ ಎಂದರೆ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದುತ್ತಾನೆ. ಹೇಳಿದ ದಿನ ಇಳಿಯದ ಹಡಗಿಗೆ ನಮ್ಮಲ್ಲಿ ಯಾರೂ ಕೆಲಸಕ್ಕೆ ಹತ್ತುವುದಿಲ್ಲ. ಅವನು ತನ್ನ ಉಳಿದ ಆಯಸ್ಸನ್ನೆಲ್ಲ ಆ ಹಲಗೆಗಳಿಗೆ ಸುರಿದಿದ್ದಾನೆ.

ನೀವು ಉಂಡಿದ್ದೀರಿ ಎಂದು ಮತ್ತೆ ನೆನಪಿಸುತ್ತೇನೆ.

ಯುಲಾಲಿ


ಹ್ಯಾಲಿಫ್ಯಾಕ್ಸ್
30 ನವೆಂಬರ್ 1994

ಯುಲಾಲಿ,

ಬರುತ್ತಿದ್ದೇನೆ. ಒಬ್ಬಳೇ ಅಲ್ಲ, ನಮ್ಮ ಡೈವಿಂಗ್ ಸಂಘದವರೆಲ್ಲ ಬರುತ್ತಿದ್ದಾರೆ. ನಿಮ್ಮ ಪತ್ರಗಳನ್ನು ಸಭೆಯಲ್ಲಿ ಓದಿದೆ, ಕ್ಷಮಿಸಿ. ಕೋಣೆಗಳು ಸಿಕ್ಕಿದ್ದು ಸೈಲೆಂಟ್ ಶೋರ್ ರೆಸಾರ್ಟಿನಲ್ಲಿ. ಅಲ್ಲಿ ಉಳಿಯುವುದು ನಿಮಗೆ ಬೇಸರವಾದರೆ ಹೇಳಿ, ಯಾರದಾದರೂ ಅಂಗಳದಲ್ಲಿ ಡೇರೆ ಹಾಕಿಕೊಳ್ಳುತ್ತೇವೆ.

ನಿಮ್ಮ ಬಗ್ಗೆ ನನಗೆ ಇನ್ನೂ ಸ್ವಲ್ಪ ಭಯವಿದೆ.

ನೋರೀನ್


ಸೇಂಟ್ ಓಡಿಲ್
18 ಡಿಸೆಂಬರ್ 1994

ನೋರೀನ್,

ರೆಸಾರ್ಟಿನಲ್ಲೇ ಉಳಿಯಿರಿ. ಡೇರೆ ಬೇಡ. ಈ ಸುದ್ದಿಯನ್ನು ಫಿಲೋಮೆನ್‌ಗೆ ಹೇಳಿದಾಗ ಅವಳು ಸೌಟು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ನಕ್ಕಳು. ಯಾಕೆ ಎಂದು ಹೇಳಲಿಲ್ಲ. ನನಗೆ ಆಮೇಲೆ ಹೊಳೆಯಿತು.

ಕ್ಷಮಾಪಣೆ ತರಬೇಡಿ, ಕೈಗವಸು ತನ್ನಿ. ನಾರಿನ ಹಗ್ಗ ಅಂಗೈ ಸುಲಿಯುತ್ತದೆ. ಹುಣ್ಣಿಮೆಯ ಬೆಳಿಗ್ಗೆ ತಿಂಡಿಗೆ ಏನು ಇಟ್ಟರೂ ನಿಮ್ಮವರು ಮರುಮಾತಿಲ್ಲದೆ ತಿನ್ನಲಿ. ಚೆನ್ನಾಗಿದೆ ಎಂದು ಪಕ್ಕದ ಮೇಜಿನವರಿಗೂ ಹೇಳಲಿ.

ಭಯ ಇರಲಿ. ನನ್ನ ಗ್ರಂಥಾಲಯದಲ್ಲಿ ಅದರಿಂದ ಪುಸ್ತಕಗಳು ಉಳಿದವು.

ಯುಲಾಲಿ


ಸೇಂಟ್ ಓಡಿಲ್
20 ಜನವರಿ 1995

‘ನೀಲಿ ರಜೆ’ ಪತ್ರಿಕೆಯ ಸಂಪಾದಕರಿಗೆ,

ನೀವು ನನ್ನನ್ನು ಕಂಡಿಲ್ಲ. ನಿಮ್ಮ 1993ರ ನವೆಂಬರ್ ಸಂಚಿಕೆಯ ಪ್ರಕಾರ ಕಾಣಲು ನಾನು ಇಲ್ಲಿ ಇರಲೂ ಇಲ್ಲ. ಆದ್ದರಿಂದ ಕಳೆದ ಸೋಮವಾರ ಮರಿಯತ್ತೆ ಕೊಲ್ಲಿಯಲ್ಲಿ ನಡೆದದ್ದನ್ನು ನಿಮ್ಮ ತಿಳಿವಳಿಕೆಗಾಗಿ ಬರೆಯುತ್ತಿದ್ದೇನೆ.

ಹಡಗನ್ನು ನೀರಿಗೆಳೆಯುವ ದಿನದ ಅಡುಗೆಯನ್ನು ಹಡಗಿನ ಧರ್ಮತಾಯಿಯೇ ಮಾಡಬೇಕು. ಎಲ್ಲಿ ಮಾಡಬೇಕು ಎಂದು ಯಾರೂ ಎಂದೂ ಹೇಳಿಲ್ಲ. ಧರ್ಮತಾಯಿ ಫಿಲೋಮೆನ್ ತನ್ನ ಮನೆಯ ಹಿಟ್ಟು, ತನ್ನ ಹಿತ್ತಲ ತೊಗರಿಕಾಳು, ತನ್ನದೇ ಆಡಿನ ಮಾಂಸ ಹೊತ್ತುಕೊಂಡು ಹೋಗಿ, ತಾನು ಕೆಲಸ ಮಾಡುವ ಒಲೆಯ ಮೇಲೆ ಮಾಡಿದಳು. ಆ ಒಲೆ ಸೈಲೆಂಟ್ ಶೋರ್ ರೆಸಾರ್ಟಿನದು. ಬೆಳಗಿನ ತಿಂಡಿಗೆ ಪ್ರವಾಸಿಗಳೆಲ್ಲ ಅದನ್ನೇ ಉಂಡರು. ಹ್ಯಾಲಿಫ್ಯಾಕ್ಸಿನ ಡೈವಿಂಗ್ ಸಂಘದವರು ಹೊಗಳಿದ ಪರಿಗೆ, ದಿನಾ ಹಣ್ಣಿನ ಹೋಳು ಬಿಟ್ಟು ಬೇರೇನೂ ಮುಟ್ಟದ ಹೆಂಗಸರೂ ತಟ್ಟೆ ಚಾಚಿದರಂತೆ. ರೆಸಾರ್ಟಿನ ಮ್ಯಾನೇಜರ್ ವೆಂಟ್ನರ್ ಅವರೂ ಉಂಡರು. ಅಂದು ಬೆಳಿಗ್ಗೆ ದಾರಿಯ ಫೈಲು ಹಿಡಿದುಕೊಂಡು ಅವರನ್ನು ಕಾಣಲು ಬಂದಿದ್ದ ಲ್ಯಾಂಬರ್ಟ್‌ಗೂ ಬಡಿಸಲಾಯಿತು. ಅವನು ಈ ಊರಿನವನು, ಮೊದಲ ತುತ್ತಿಗೇ ಅವನಿಗೆ ಗೊತ್ತಾಗಿರಬೇಕು. ಆದರೂ ತಟ್ಟೆ ಖಾಲಿ ಮಾಡಿದ.

ಆಗ ಬೇಲಿಯ ಈಚೆ ತಮಟೆ ಶುರುವಾಯಿತು. ಪಾದ್ರಿ ತೀರ್ಥ ಚಿಮುಕಿಸಿದರು, ಆಲ್ಫಿಯಸ್ ರಮ್ ಚಿಮುಕಿಸಿದ. ಕೊಡಲಿಯವರು ಹಡಗಿನ ಆಸರೆ ಕಂಬಗಳನ್ನು ಒಂದೊಂದಾಗಿ ಕಡಿದರು. ಹಡಗು ನರಳುತ್ತ ಉರುಳುಮರಗಳ ಮೇಲೆ ಮಗ್ಗುಲಾಯಿತು. ಹಡಗಿಗೆ ಕಟ್ಟಿದ ಹಗ್ಗವನ್ನು ಹಾಸಿ ಅದರ ತುದಿಯನ್ನು ಬೀಗ ಹಾಕಿದ ಗೇಟಿನ ಸರಳುಗಳ ನಡುವೆ ಆಚೆಗೆ ತೂರಿಸಿದರು. ಆಮೇಲೆ ಎಲ್ಲರೂ ರೆಸಾರ್ಟಿನ ಜಗಲಿಯ ಕಡೆ ತಿರುಗಿದೆವು.

ತುದಿ ಆಚೆ ಮರಳಿನ ಮೇಲೆ ಬಿದ್ದಿತ್ತು. ಏಪ್ರನ್ ಕಟ್ಟಿಕೊಂಡೇ ಫಿಲೋಮೆನ್ ರೆಸಾರ್ಟಿನ ಜಗಲಿಗೆ ಬಂದು ಕೈ ತಟ್ಟಿದಳು. ‘ಕೇಳ್ರಪ್ಪ, ಕೇಳ್ರಮ್ಮ. ನೀವು ಉಂಡಿದ್ದು ಹಡಗಿನ ಊಟ. ಉಂಡವರು ಎಳೀಬೇಕು. ಬೇಡ ಅನ್ನೋರು ಉಂಡಿದ್ದನ್ನ ವಾಪಸ್ ಕೊಡಿ, ನಾನು ಕಾಯ್ತೀನಿ.’

ಮೊದಲು ಎದ್ದವಳು ನೋರೀನ್ ಕಾರ್ಕಮ್. ಕೈಗವಸು ಹಾಕಿಕೊಂಡು ಹೋಗಿ ಹಗ್ಗದ ತುದಿ ಎತ್ತಿದಳು. ಅವಳ ಹಿಂದೆ ಸಂಘದವರು, ಅವರ ಹಿಂದೆ ಮಧುಚಂದ್ರಕ್ಕೆ ಬಂದಿದ್ದ ಜೋಡಿ, ದೊಡ್ಡ ಟೋಪಿಯ ಹೆಂಗಸರು, ಆರಾಮಕುರ್ಚಿಯಲ್ಲಿ ವಾರದಿಂದ ಕದಲದ ಒಬ್ಬ ವಕೀಲರು. ‘ಇದು ನಮ್ಮ ರಜೆಯಲ್ಲಿ ಸೇರಿದೆಯಾ?’ ಎಂದು ಅವರು ಕೇಳಿದರು. ‘ಇದೇ ರಜೆ ಸ್ವಾಮಿ, ಉಳಿದದ್ದು ಕಾಯೋದು,’ ಎಂದಳು ಫಿಲೋಮೆನ್.

ವೆಂಟ್ನರ್ ಬಿಳಿ ಪ್ಯಾಂಟಿನಲ್ಲಿ ಓಡಿ ಬಂದರು. ‘ನಿಲ್ಲಿಸಿ. ಇಲ್ಲಿ ದಾರಿ ಇಲ್ಲ. ಕೆರ್ಟ್, ನೀನು ಯಾಕೆ ನಿಂತಿದ್ದೀಯ?’

‘ಗೇಟು ಕಾಯ್ತಿದ್ದೀನಿ ಸರ್. ನಿಮ್ಮ ಅತಿಥಿಗಳು ಎಳೀತಿದ್ದಾರೆ. ಅತಿಥಿಗಳನ್ನ ತಡೀಬಾರದು ಅಂತ ನೀವೇ ಹೇಳಿಕೊಟ್ಟಿದ್ದು.’

‘ಹಡಗು ಗೇಟಿನಲ್ಲಿ ಹಿಡಿಸೋದೇ ಇಲ್ಲ.’

‘ಅದು ನಿಜ ಸರ್,’ ಎಂದ ಕೆರ್ಟ್. ಗುಂಡಿಗಳನ್ನೆಲ್ಲ ನೆಟ್ಟಗೆ ಹಾಕಿಕೊಂಡಿದ್ದ. ‘ಕಂಬ ಸಮೇತ ತೆಗೀಬೇಕಾಗುತ್ತೆ. ಪಾನಾ ತಂದಿದ್ದೀನಿ.’

ವಕೀಲರು ಹಗ್ಗ ಬಿಡದೆ ಮ್ಯಾನೇಜರ್ ಕಡೆ ತಿರುಗಿ, ಬಿಸಿಲೇರುತ್ತಿದೆ, ಬೇಗ ತೀರ್ಮಾನಿಸಿ ಎಂದರು. ವೆಂಟ್ನರ್ ತಮ್ಮ ಅತಿಥಿಗಳ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಒಬ್ಬರೂ ಹಗ್ಗ ಬಿಟ್ಟಿರಲಿಲ್ಲ. ಅವರು ಕೈ ಬೀಸಿದರು. ಕೆರ್ಟ್ ಬೋಲ್ಟು ಬಿಚ್ಚಿದ. ಗೇಟು, ಕಂಬ, ಬೀಗ ಮೂರೂ ಒಟ್ಟಿಗೆ ಮರಳಿಗೆ ಮಲಗಿದವು. ಉರುಳುಮರ ಸಾಲದೆ ಬಂದಾಗ ಅದೇ ಕಂಬಗಳನ್ನು ಹಡಗಿನ ಕೆಳಗೆ ಹಾಕಿದೆವು. ಬಹಳ ಚೆನ್ನಾಗಿ ಉರುಳಿದವು.

‘ನೀವೂ ಉಂಡಿದ್ದೀರಿ ಸಾರ್,’ ಎಂದಳು ಫಿಲೋಮೆನ್. ವೆಂಟ್ನರ್ ಹಗ್ಗ ಹಿಡಿದರು. ಅವರ ಮುಂದೆ ಲ್ಯಾಂಬರ್ಟ್ ಇದ್ದ, ಫೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಎಳೆಯುವ ಹಾಡನ್ನು ಆಲ್ಫಿಯಸ್ ಎತ್ತಿಕೊಟ್ಟ. ಅವನು ಕೂಗಿದಾಗ ಊರೆಲ್ಲ ಓಗೊಟ್ಟಿತು. ಪ್ರವಾಸಿಗಳು ಪದ ತಿಳಿಯದೆ ಬರೀ ಸ್ವರ ಕೂಡಿಸಿದರು. ಹಡಗು ಒಂದು ಕಡೆ ಕಚ್ಚಿಕೊಂಡು ನಿಂತಿತು, ಹಗ್ಗ ತಂತಿಯಂತೆ ಬಿಗಿಯಿತು. ಆಲ್ಫಿಯಸ್ ಹಡಗಿನ ಮೈಗೆ ಕೈಯಿಟ್ಟು ಏನೋ ಹೇಳಿದ. ಮತ್ತೆ ಎಳೆದೆವು. ಅದು ದಾರಿಯಲ್ಲಿ ಇಳಿಯಿತು, ಎಲ್ಲೆಲ್ಲಿ ಇಳಿಯಬೇಕೋ ಅಲ್ಲೆಲ್ಲ ಇಳಿಯಿತು, ಮತ್ತು ನೀರು ಮುಟ್ಟಿದ ಕ್ಷಣ ನೆಟ್ಟಗೆ ಎದ್ದು ನಿಂತಿತು. ಒಂದು ತೊಟ್ಟು ನೀರು ಒಳಗೆ ಬರಲಿಲ್ಲ. ಆಲ್ಫಿಯಸ್ ಮರಳಿನ ಮೇಲೆ ಕುಳಿತುಬಿಟ್ಟ. ಅವನನ್ನು ಎಬ್ಬಿಸಲು ಯಾರೂ ಹೋಗಲಿಲ್ಲ.

ಫಿಲೋಮೆನ್ ಬಾವುಟ ಎಳೆದಳು. ಹೆಸರನ್ನು ನಾನು ಅವಳ ಜೊತೆಗೇ ಓದಿದೆ. ಔರೇಲಿಯಾ. ಹಳೆಯ ಔರೇಲಿಯಾ ಮಲಗಿರುವ ನೀರಿನ ಮೇಲೆಯೇ ಹೊಸದು ಹಾಯಿ ಬಿಚ್ಚಿತು. ಈ ಸಲವೂ ಆಡುಗಳು ಓಡಿದವು.

ಮಧ್ಯಾಹ್ನ ಲ್ಯಾಂಬರ್ಟ್ ಕಡಲದ್ರಾಕ್ಷಿ ಮರದ ಕೆಳಗೆ ಕುಳಿತು ಫೈಲು ಬಿಡಿಸಿದ. ದಾರಿ ಬಳಕೆಯಲ್ಲಿದೆ, ಅಧಿಕಾರಿ ಕಣ್ಣಾರೆ ಕಂಡಿದ್ದಾರೆ ಎಂದು ಬರೆದು, ಸುಲಿದ ಅಂಗೈಯಿಂದಲೇ ಸಹಿ ಮಾಡಿದ. ತಕರಾರು ಇದೆಯೇ ಎಂದು ಕೇಳಿದಾಗ ವೆಂಟ್ನರ್ ತಮ್ಮ ಅಂಗೈ ನೋಡಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಇಂದು ಬೆಳಿಗ್ಗೆ ನಾನು ಆ ದಾರಿಯಲ್ಲಿ ನಡೆದು ಹೋಗಿ ನೀರಲ್ಲಿ ಕಾಲಿಟ್ಟು ಬಂದೆ. ನೋರೀನ್ ನನಗೆ ಈಜು ಕಲಿಸುತ್ತೇನೆ ಎಂದು ಹಟ ಹಿಡಿದಿದ್ದಾಳೆ, ನಾಳೆಯಿಂದ.

ಈಗ ನಿಮ್ಮ ವಿಷಯ. ನೋರೀನ್ ಕಾರ್ಕಮ್ ನಮ್ಮ ಬಗ್ಗೆ ಬರೆದು ಕಳಿಸಿದ್ದನ್ನು ತೆಗೆದು, ‘ಇಲ್ಲಿ ಯಾರೂ ಇಲ್ಲ’ ಎಂದು ಸೇರಿಸಿದವರು ನೀವು. ಅವಳು ಈ ಪತ್ರ ಓದಿದ್ದಾಳೆ. ನನ್ನ ಕೆಳಗೆ ಅವಳೂ, ಹಗ್ಗ ಎಳೆದ ಉಳಿದವರೂ ಸಹಿ ಹಾಕಿದ್ದಾರೆ. ಸಹಿಗಳಿಗೆ ಜಾಗ ಸಾಲದೆ ಕಾಗದದ ಬೆನ್ನಿಗೂ ಹೋಗಿವೆ, ತಿರುಗಿಸಿ ನೋಡಿ. ನನಗೆ ಖಾಸಗಿ ಉತ್ತರ ಬೇಡ. ಅದೇ ಪತ್ರಿಕೆಯಲ್ಲಿ, ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ, ನಿಮ್ಮ ಓದುಗರೆಲ್ಲರ ಮುಂದೆ ಉತ್ತರ ಕೊಡಿ: ಅಂದು ಮರಿಯತ್ತೆ ಕೊಲ್ಲಿಯಲ್ಲಿ ನಾವು ಇದ್ದೆವೋ, ಇಲ್ಲವೋ?

ಯುಲಾಲಿ ಕ್ವಾಶಿ
ಹಳೆಯ ಔರೇಲಿಯಾ ಹಡಗಿನ ಧರ್ಮತಾಯಿ